ಲಾಡ್ಜ್ ಕಟ್ಟಲು ಹೊರಟ ಶಾನುಭೋಗನಿಗೆ

ಪ್ರೀತಿಯ ಶಾನುಭೋಗ,

ನೀನು ಕಳಿಸಿದ ನಕ್ಷೆ ನೋಡಿದೆ. ಬಸ್ ನಿಲ್ದಾಣದ ಎದುರಿಗೇ ಹದಿನಾಲ್ಕು ಕೋಣೆ, ಮಹಡಿಗೆ ಎರಡೇ ಸ್ನಾನದ ಮನೆ! ಧರ್ಮಸ್ಥಳದ ಆ ಬೆಳಗಿನ ಸಾಲು ಇಷ್ಟು ಬೇಗ ಮರೆತುಹೋಯಿತೇ? ನೀನು ಬಕೆಟ್ ಹಿಡಿದು ನಿಂತ ಫೋಟೋ ನನ್ನಲ್ಲಿದೆ. ಎಲ್ಲರೂ ಓದುವ ಈ ಬಹಿರಂಗ ಪತ್ರದಲ್ಲಿ ಹಾಕುವುದಿಲ್ಲ, ಹೆದರಬೇಡ.

ಕೋಣೆಗೊಂದು ಸ್ನಾನದ ಮನೆ ಕೊಟ್ಟರೆ ಗಿಟ್ಟುವುದಿಲ್ಲ ಎನ್ನುತ್ತೀಯ. ಅಮೆರಿಕದ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಅದನ್ನು 1908ರಲ್ಲೇ ಗಿಟ್ಟಿಸಿದ. ಬಫಲೋ ನಗರದ ಅವನ ಹೋಟೆಲಿನ ಜಾಹೀರಾತೇ ಒಂದೂವರೆ ಡಾಲರಿಗೆ ಕೋಣೆಯೂ ಸ್ನಾನದ ಮನೆಯೂ ಎಂದಿತ್ತು. ಪಕ್ಕದ ಕೋಣೆಗಳ ಸ್ನಾನದ ಮನೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ನಡುವೆ ಒಂದೇ ಡಕ್ಟ್ ಬಿಟ್ಟ. ಕೆಳಗಿನಿಂದ ಮೇಲಿನ ಮಹಡಿಯವರೆಗೆ ಎಲ್ಲ ಕೊಳವೆಗಳೂ ಅದರೊಳಗೇ. ನಿನ್ನ ಎಂಜಿನಿಯರ್‌ಗೆ ಇದಿಷ್ಟನ್ನು ತೋರಿಸು, ಉಳಿದ ಪುರಾಣವನ್ನು ನೀನು ಓದು.

ಆಸಾಮಿ ಹುಟ್ಟಿದ್ದು 1863ರಲ್ಲಿ, ಪೆನ್ಸಿಲ್ವೇನಿಯಾದ ಬಡ ಪಾದ್ರಿಯೊಬ್ಬರ ಮನೆಯಲ್ಲಿ. ಒಂಬತ್ತರ ವಯಸ್ಸಿಗೆ ಗಾಜಿನ ಕಾರ್ಖಾನೆಯ ಕುಲುಮೆಯ ಮುಂದೆ ದುಡಿತ. ಹದಿಮೂರಕ್ಕೆ ವ್ಹೀಲಿಂಗ್ ಎಂಬ ಊರಿನ ಹೋಟೆಲಿನಲ್ಲಿ ಬೆಲ್ ಬಾಯ್, ಎಂದರೆ ನಮ್ಮ ರೂಮ್ ಬಾಯ್. ಆಮೇಲೆ ಬಫಲೋದ 1901ರ ವಸ್ತುಪ್ರದರ್ಶನಕ್ಕೆಂದು 2,084 ಕೋಣೆಗಳ ತಾತ್ಕಾಲಿಕ ಹೋಟೆಲು ಎಬ್ಬಿಸಿದ. ನೆಚ್ಚಿಕೊಂಡಷ್ಟು ಜನ ಬರಲಿಲ್ಲ. ಅದೇ ಪ್ರದರ್ಶನದಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿಗೆ ಗುಂಡೇಟು ಬಿತ್ತು. ನಿನ್ನ ಸೈಬರ್ ಕೆಫೆಯ ಗ್ರಹಚಾರ ಇದರ ಮುಂದೆ ಏನೂ ಅಲ್ಲ ಬಿಡು. ಮೂರು ವರ್ಷ ಬಿಟ್ಟು ಸೇಂಟ್ ಲೂಯಿಸ್ ನಗರದ ವಸ್ತುಪ್ರದರ್ಶನಕ್ಕೆ ಮತ್ತೆ 2,257 ಕೋಣೆ! ಅಲ್ಲಿ ಕಾಫಿಯ ಹಂಡೆ ಸಿಡಿದು ಮೈ ಬೆಂದರೂ ಗಲ್ಲಾ ತುಂಬಿಸಿಯೇ ಎದ್ದ.

ನನಗೆ ಹಿಡಿಸಿದ್ದು ಅವನ ಸಣ್ಣ ಬುದ್ಧಿ. ಒಳ್ಳೆಯ ಅರ್ಥದಲ್ಲಿಯೇ ಹೇಳುತ್ತಿದ್ದೇನೆ. ಕತ್ತಲಲ್ಲಿ ತಡಕಾಡಬಾರದೆಂದು ಬಾಗಿಲ ಪಕ್ಕದಲ್ಲೇ ದೀಪದ ಸ್ವಿಚ್ಚು. ಬೀಗದ ತೂತು ಹಿಡಿಕೆಯ ಕೆಳಗಲ್ಲ, ಮೇಲೆ. ಕುಡಿಯುವ ತಣ್ಣೀರು ಕೊಳವೆಯಲ್ಲೇ ಕೋಣೆಗೆ. ಹೂಜಿ ಹೊತ್ತು ಮೆಟ್ಟಿಲು ಹತ್ತುವ ಹುಡುಗರ ಕಾಲಿಗೆ ಅಷ್ಟರಮಟ್ಟಿಗೆ ಬಿಡುವು.

ಅದೇ ಮನುಷ್ಯ ನೌಕರರಿಗೆ ಒಂದು ನಿಯಮ ಮಾಡಿದ್ದ: ಅತಿಥಿಯೊಂದಿಗೆ ಯಾರೂ ಯಾವ ವಿಷಯಕ್ಕೂ ವಾದಿಸಕೂಡದು. ಅದನ್ನು ಬರೆಯುವಾಗ ತನ್ನ ಹದಿಮೂರನೇ ವಯಸ್ಸು ನೆನಪಾಗಲಿಲ್ಲವೇ, ಅಥವಾ ನೆನಪಾದದ್ದಕ್ಕೇ ಬರೆದನೇ? ಮೂರು ದಿನದಿಂದ ಇದೇ ಕೊರೆಯುತ್ತಿದೆ. ಕಾರಣ ಸ್ಟ್ಯಾಟ್ಲರ್ ಅಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಊರಿನ ಲಾಡ್ಜಿನಲ್ಲಿ ನನ್ನ ವಾಚು ಕಳೆದುಹೋದ ಕಥೆಯನ್ನು ನಿನಗೆ ರಂಗಾಗಿ ಹೇಳಿದ್ದೆನಲ್ಲ, ನೀನು ನಕ್ಕಿದ್ದೆ. ಹೇಳದೆ ಬಿಟ್ಟದ್ದು ಇಷ್ಟು: ಕೌಂಟರಿನ ಮುಂದೆ, ಎಲ್ಲರೆದುರು ರೂಮ್ ಬಾಯ್‌ನ ಮೇಲೆ ಕೂಗಾಡಿದೆ. "ನಾನು ನೋಡಲಿಲ್ಲ ಸಾರ್" ಎಂದು ಒಮ್ಮೆ ಹೇಳಿದ. ಮ್ಯಾನೇಜರ್ ಕಣ್ಣು ಬಿಟ್ಟ ಮೇಲೆ "ತಪ್ಪಾಯಿತು ಸಾರ್" ಎಂದ. ಕೈಯಲ್ಲಿ ಒದ್ದೆ ಟವೆಲುಗಳ ರಾಶಿ ಇತ್ತು. ಅದನ್ನು ಕೆಳಗಿಡುವುದೂ ಅವನಿಗೆ ತೋಚಲಿಲ್ಲ. ಹತ್ತು ದಿನ ಬಿಟ್ಟು ವಾಚು ಸಿಕ್ಕಿತು. ನನ್ನದೇ ರೇನ್‌ಕೋಟಿನ ಒಳಜೇಬಿನಲ್ಲಿ, ಕಾಲುಚೀಲದೊಳಗೆ. ಜೋಪಾನವಾಗಿರಲೆಂದು ನಾನೇ ಇಟ್ಟದ್ದು.

ಬಿಲ್ಲಿನ ಮೇಲೆ ಫೋನ್ ನಂಬರ್ ಇತ್ತು. ಮಾಡಿದೆ ಕೂಡ. "ಹೇಳಿ ಸಾರ್" ಎಂದರು. ಡಬಲ್ ರೂಮಿಗೆ ಬಾಡಿಗೆ ಎಷ್ಟು ಎಂದು ಕೇಳಿ ಇಟ್ಟುಬಿಟ್ಟೆ. ಆ ಹುಡುಗ ಇನ್ನೂ ಅಲ್ಲೇ ಇದ್ದಾನೋ ಇಲ್ಲವೋ ಎಂದು ಕೇಳಲು ಬಾಯಿ ಬರಲಿಲ್ಲ.

ಸಾಕು. ಸ್ನಾನದ ಮನೆಯ ಸಲಹೆ ಕೇಳಿದವನಿಗೆ ನಾಲ್ಕು ಜನರೆದುರು ನನ್ನ ವಾಚಿನ ಪ್ರವರ ಒಪ್ಪಿಸಿದ್ದಾಯಿತು. ಓದಿದವರು ಇದನ್ನು ವಿನಯ ಎಂದುಕೊಂಡರೆ ನನಗೆ ಲಾಭವೇ. ನೀನು ಮಾತ್ರ ಹಾಗೆಂದುಕೊಳ್ಳುವುದಿಲ್ಲ ಎಂದು ಗೊತ್ತು.

ಡಕ್ಟ್ ಮರೆಯಬೇಡ. ಉದ್ಘಾಟನೆಗೆ ಬರುತ್ತೇನೆ, ಕೈಗೆ ವಾಚು ಕಟ್ಟದೆ.

ನಿನ್ನ,
ಏಳನೇ ನಂಬರ್ ಚಪ್ಪಲಿ