ಮತ್ತೆ ಓಡುವಂತೆ ಮಾಡಿದವರಿಗೆ

ಕಳೆದ ಶುಕ್ರವಾರ ವೈದ್ಯರು ನನ್ನ ಮೊಣಕಾಲನ್ನು ಮಡಿಸಿ, ಬಿಡಿಸಿ ನೋಡಿ, "ಇನ್ನು ಓಡಬಹುದು" ಎಂದರು. ಈ ಮಾತು ಕೇಳುವವರೆಗೆ ನನ್ನನ್ನು ಕೈಬಿಡದ ಎಲ್ಲರಿಗೂ ನಮಸ್ಕಾರ.

ಕ್ರಿಕೆಟ್ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿದು ಮಲಗಿದಾಗ ಸರದಿಯ ಮೇಲೆ ಬಿಸಿ ಊಟ ತಂದುಕೊಟ್ಟ ಇಲ್ಲಿ ಕ್ಯಾಲಿಫೋರ್ನಿಯಾದ ಕನ್ನಡದ ಗೆಳೆಯರೇ, ನಿಮ್ಮ ಋಣ ದೊಡ್ಡದು. ನೋವಿಗೆ ನಾನು ಕೂಗಿಕೊಂಡರೂ ವ್ಯಾಯಾಮ ತಪ್ಪಿಸಲು ಬಿಡದ ಫಿಸಿಯೋಥೆರಪಿಸ್ಟ್, ನಡುರಾತ್ರಿ ಎದ್ದು ಐಸ್ ಚೀಲ ಬದಲಿಸಿದ ನನ್ನ ಹೆಂಡತಿ, ಇಬ್ಬರನ್ನೂ ಮರೆಯಲಾರೆ.

ನನ್ನ ಪರಿಚಯವೇ ಇಲ್ಲದ ಅಮೆರಿಕನ್ ಫುಟ್‌ಬಾಲ್ ಆಟಗಾರ ಜೆರ್ರಿ ರೈಸ್ ಅವರಿಗೂ ಕೃತಜ್ಞತೆ ಹೇಳಬೇಕು. ಪಕ್ಕದ ಮನೆಯ ಹಿರಿಯರು ಅವರು ಆಡಿದ ಸ್ಯಾನ್ ಫ್ರಾನ್ಸಿಸ್ಕೋ ಫೋರ್ಟಿನೈನರ್ಸ್ ತಂಡದ ಹಳೆಯ ಅಭಿಮಾನಿ. ಸಂಜೆ ಬಂದು ಕುಳಿತು ರೈಸ್ ಆಡಿದ ಪಂದ್ಯಗಳನ್ನು ತೋರಿಸುತ್ತಿದ್ದರು. ಮಿಸಿಸಿಪ್ಪಿಯ ಗಾರೆ ಕೆಲಸದವರ ಮಗ ರೈಸ್. ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಸಾರುವೆಯ ಮೇಲೆ ನಿಂತು ಹಿಡಿದು ಬೆಳೆದವರು. ಆದರೂ 1985ರಲ್ಲಿ, ಆ ತಂಡಕ್ಕೆ ವೈಡ್ ರಿಸೀವರ್ (ಜೊತೆಗಾರ ಎಸೆದ ಪಾಸ್ ಹಿಡಿಯುವವ) ಆಗಿ ಆಡಿದ ಮೊದಲ ವರ್ಷ, ಮತ್ತೆ ಮತ್ತೆ ಚೆಂಡು ಕೈಜಾರಿಸಿ ತವರಿನ ಪ್ರೇಕ್ಷಕರಿಂದಲೇ ಮೂದಲಿಕೆ ಕೇಳಿದರು. ವರ್ಷಕ್ಕೊಂದರಂತೆ ಇಪ್ಪತ್ತು ಆಟದ ಋತುಗಳ ಕೊನೆಗೆ ಹಿಡಿದದ್ದು 1,549 ಪಾಸ್, ಅವುಗಳಿಂದ ತಂಡವನ್ನು ಮುಂದೊಯ್ದದ್ದು 22,895 ಗಜ, ಎರಡೂ ದಾಖಲೆ.

ನನಗೆ ಈ ದಾಖಲೆಗಳಿಗಿಂತ ಹತ್ತಿರವಾದದ್ದು 1997. ಆ ಆಗಸ್ಟ್ ಕೊನೆಯಲ್ಲಿ, ಋತುವಿನ ಮೊದಲ ಪಂದ್ಯದಲ್ಲೇ, ಫ್ಲೋರಿಡಾದ ಟ್ಯಾಂಪಾದಲ್ಲಿ ಅವರ ಎಡ ಮೊಣಕಾಲಿನ ಇದೇ ಲಿಗಮೆಂಟ್ ಹರಿಯಿತು. ಡಿಸೆಂಬರ್‌ನಲ್ಲೇ ಮೈದಾನಕ್ಕಿಳಿದು, ಎದುರಾಳಿಯ ತುದಿಯಂಕಣದಲ್ಲಿ ಚೆಂಡು ಹಿಡಿದು ಅಂಕ (ಟಚ್‌ಡೌನ್) ಗಳಿಸಿದರು. ಅದೇ ಆಟದಲ್ಲಿ ನೆಲಕ್ಕೆ ಬಿದ್ದು ಮೊಣಕಾಲ ಚಿಪ್ಪು ಬಿರುಕುಬಿಟ್ಟಿತು. ಹಿರಿಯರು ಆ ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿ, "ನೋಡಪ್ಪ, ಇಂಥವರ ಕಾಲೂ ಅವಸರವನ್ನು ತಾಳಲಿಲ್ಲ" ಎಂದರು. ಅಂದಿನಿಂದ ನಾನು ಕ್ಯಾಲೆಂಡರ್ ನೋಡುವುದನ್ನು ಬಿಟ್ಟೆ. ಮರುವರ್ಷ, ಮೂವತ್ತಾರರ ಹೊಸ್ತಿಲಲ್ಲಿ, ರೈಸ್ ಹದಿನಾರೂ ಪಂದ್ಯ ಆಡಿ 82 ಪಾಸ್ ಹಿಡಿದರು. ಅವರ ವೃತ್ತಿಜೀವನದಲ್ಲಿ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಋತುವಿಲ್ಲ.

ಆಟವಿಲ್ಲದ ತಿಂಗಳುಗಳಲ್ಲಿ ರೈಸ್ ಓಡಿ ಹತ್ತುತ್ತಿದ್ದ ಗುಡ್ಡ ಇಲ್ಲೇ, ರೆಡ್‌ವುಡ್ ಸಿಟಿಯ ಬಳಿಯ ಎಡ್ಜ್‌ವುಡ್ ಪಾರ್ಕಿನಲ್ಲಿದೆ. ವಸಂತದಲ್ಲಿ ಅಲ್ಲಿ ಕಾಡುಹೂಗಳು ಅರಳುತ್ತವೆ. ಆಗ ಹಿರಿಯರನ್ನೂ ಕರೆದುಕೊಂಡು ಹೋಗೋಣ, ನೀವೆಲ್ಲರೂ ಬನ್ನಿ. ಬುತ್ತಿಯ ಹೊಣೆ ಈ ಸಲ ನನ್ನದು.