‘ಫಾರ್ಮಲ್’ ಎಂದೊಡನೆ ‘ಔಪಚಾರಿಕ’ ಬೇಡ

ಸಂಪಾದಕರಿಗೆ,

ಮಾನ್ಯರೇ,

‘ಔಪಚಾರಿಕ ದೂರು ಬಂದಿಲ್ಲ’, ‘ಔಪಚಾರಿಕವಾಗಿ ಬಂಧಿಸಲಾಗಿದೆ’, ‘ಅನೌಪಚಾರಿಕ ಕಾರ್ಮಿಕರು’ ಎಂಬಂಥ ಮಾತುಗಳು ಸುದ್ದಿಪುಟಗಳಲ್ಲಿ ಹೆಚ್ಚುತ್ತಿವೆ. ಮೂರರ ಹಿಂದೆಯೂ ಇರುವುದು ‘ಫಾರ್ಮಲ್’ ಎಂಬ ಒಂದೇ ಇಂಗ್ಲಿಷ್ ಗುಣವಾಚಕ. ನಿಘಂಟಿನಲ್ಲಿ ಅದರೆದುರು ‘ಔಪಚಾರಿಕ’ ಎಂದಿರುವುದು ಸುಳ್ಳಲ್ಲ. ಆದರೆ ಸಿಕ್ಕಲ್ಲೆಲ್ಲ ಅದನ್ನೇ ಅಂಟಿಸಿದರೆ ಕೆಲವು ಕಡೆ ಅರ್ಥ ತಿರುಗುಮುರುಗಾಗುತ್ತದೆ.

‘ಫಾರ್ಮಲ್’ ಪದದ ಬೇರು ಲ್ಯಾಟಿನ್ನಿನ ‘ಫಾರ್ಮ’, ಎಂದರೆ ಆಕಾರ, ಅಚ್ಚು. ನಾವು ಕಚೇರಿಗಳಲ್ಲಿ ತುಂಬುವ ‘ಫಾರಂ’ ಕೂಡ ಅದೇ ಬಳ್ಳಿಯ ಕಾಯಿ. ಮೊದಲೇ ಗೊತ್ತಾದ ಒಂದು ಅಚ್ಚಿಗೆ, ಕ್ರಮಕ್ಕೆ ಹೊಂದಿಕೊಂಡು ನಡೆದದ್ದು ಫಾರ್ಮಲ್. ಗಿಡಗಳನ್ನು ಚೌಕ, ವೃತ್ತ ಎಂದು ಲೆಕ್ಕ ಹಾಕಿ ಕತ್ತರಿಸಿ ಬೆಳೆಸಿದ ತೋಟವನ್ನು ‘ಫಾರ್ಮಲ್ ಗಾರ್ಡನ್’ ಎನ್ನುತ್ತಾರೆ. ಅಲ್ಲಿ ಮರ್ಯಾದೆಯ ಪ್ರಶ್ನೆಯೇ ಇಲ್ಲ, ಇರುವುದು ಆಕಾರ ಮಾತ್ರ. ನಮ್ಮ ‘ಔಪಚಾರಿಕ’ ಹುಟ್ಟಿದ್ದು ‘ಉಪಚಾರ’ದಿಂದ. ಮನೆಗೆ ಬಂದವರನ್ನು, ಕಾಯಿಲೆ ಬಿದ್ದವರನ್ನು ಉಪಚರಿಸುತ್ತೇವೆ. ದೇವರಿಗೆ ಷೋಡಶೋಪಚಾರ ಎಂದರೆ 16 ಬಗೆಯ ಸೇವೆ. ಮುಂದೆ ‘ಉಪಚಾರದ ಮಾತು’ ಎಂದರೆ ಮನಸ್ಸಿನಿಂದ ಬಾರದ, ಮರ್ಯಾದೆಗಾಗಿ ಆಡಿದ ಮಾತು ಎಂದಾಯಿತು. ಹೀಗಾಗಿ ಕನ್ನಡದ ಕಿವಿಗೆ ‘ಔಪಚಾರಿಕ’ದಲ್ಲಿ ಸದಾ ‘ಸುಮ್ಮನೆ, ಲೆಕ್ಕಕ್ಕೆ’ ಎಂಬ ಅಪಸ್ವರ ಕೇಳುತ್ತದೆ. ‘ಫಾರ್ಮಲ್ ಕಂಪ್ಲೇಂಟ್’ ಎಂಬಲ್ಲಿ ಇಂಗ್ಲಿಷ್ ಹೇಳುವುದು ಇದಕ್ಕೆ ನೇರ ವಿರುದ್ಧ: ಇದು ಲೆಕ್ಕಕ್ಕೆ ಆಡಿದ ಮಾತಲ್ಲ, ಗಟ್ಟಿ ದೂರು.

ಉದಾಹರಣೆಗೆ, ರಾತ್ರಿ ಕಾಡಾನೆ ತೋಟಕ್ಕೆ ನುಗ್ಗಿದಾಗ ಅರಣ್ಯ ಸಿಬ್ಬಂದಿಗೆ ಫೋನ್ ಮಾಡಿದ್ದು ಇನ್‌ಫಾರ್ಮಲ್. ಬೆಳೆ ಪರಿಹಾರಕ್ಕೆ ಪಹಣಿ, ಫೋಟೊ ಇಟ್ಟು ಅರ್ಜಿ ಕೊಟ್ಟು ಸ್ವೀಕೃತಿ ಪಡೆದದ್ದು ಫಾರ್ಮಲ್. ಅರ್ಜಿ ಬಂದಿಲ್ಲ ಎನ್ನುವುದನ್ನು ‘ಔಪಚಾರಿಕ ದೂರು ಬಂದಿಲ್ಲ’ ಎಂದು ಅಚ್ಚು ಹಾಕಿದರೆ, ಬಾಳೆ, ಕಾಫಿ ಗಿಡ ಕಳೆದುಕೊಂಡವರಿಗೆ ಅದು ಅಣಕದಂತೆ ಕೇಳುತ್ತದೆ. ‘ಲಿಖಿತ ದೂರು ಬಂದಿಲ್ಲ’ ಎಂದರೆ ಸಾಕು. ಪೊಲೀಸ್ ಸುದ್ದಿಯಲ್ಲಿ ‘ದೂರು ದಾಖಲಾಗಿದೆ’ ಎಂಬಲ್ಲೇ ಫಾರ್ಮಲ್ ಅಡಗಿದೆ, ಇನ್ನೊಂದು ವಿಶೇಷಣ ಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧದ ಮಾಹಿತಿಯನ್ನು ಬಾಯಲ್ಲಿ ಹೇಳಿದರೆ ಅದನ್ನು ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದರೆ 3 ದಿನದೊಳಗೆ ಸಹಿ ಆಗಬೇಕು. ಆ ಬರೆಹ, ಆ ಸಹಿಯೇ ಅಲ್ಲಿನ ‘ಫಾರ್ಮ್’. ‘ಫಾರ್ಮಲಿ ಅರೆಸ್ಟೆಡ್’ ಎಂಬುದಕ್ಕೂ ‘ಬಂಧನ ದಾಖಲಿಸಿದರು’ ಎಂಬುದು ಸಲ್ಲುತ್ತದೆ.

ಇನ್ನೊಂದು ಗೊಂದಲ ಫಾರ್ಮಲ್ ಮತ್ತು ಅಫಿಶಿಯಲ್ ನಡುವಿನದು. ಅಧಿಕಾರ ಇರುವವರಿಂದ ಬಂದದ್ದು ಅಫಿಶಿಯಲ್, ಅಧಿಕೃತ. ಗೊತ್ತಾದ ಕ್ರಮದಲ್ಲಿ ನಡೆದದ್ದು ಫಾರ್ಮಲ್. ಎರಡೂ ಒಟ್ಟಿಗೇ ಇರಬೇಕೆಂದಿಲ್ಲ. ಕೊಡವ ಮದುವೆಯಲ್ಲಿ ಎರಡೂ ಕುಟುಂಬಗಳ ಪರವಾಗಿ ಮಾತಾಡುವ ಅರುವರು ಎದುರುಬದುರು ನಿಂತು ಪ್ರಶ್ನೋತ್ತರದಲ್ಲಿ ನಡೆಸುವ, ಸಂಬಂಧ ಕೂಡಿಸುವ ‘ಸಮ್ಮಂಧ ಅಡ್ಕುವ’ ವಿಧಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ಯಾರು ಏನು ಕೇಳಬೇಕು, ಇನ್ನೊಬ್ಬರು ಏನು ಉತ್ತರಿಸಬೇಕು ಎಲ್ಲವೂ ಗೊತ್ತಾದ ಕ್ರಮ. ಪೂರ್ತಿ ಫಾರ್ಮಲ್, ಆದರೆ ಸರ್ಕಾರದ ಮೊಹರು ಇಲ್ಲದ್ದರಿಂದ ಅಫಿಶಿಯಲ್ ಅಲ್ಲ. ಇಂಥ ಕಡೆ ಹೊಂದುವ ಕನ್ನಡ ಪದ ‘ವಿಧ್ಯುಕ್ತ’. ಅದೇ ಮದುವೆಯಲ್ಲಿ ಬಾಳೆ ಕಡಿಯುವ ಒಡಿಕತ್ತಿಯನ್ನು ಇಂಗ್ಲಿಷಿನಲ್ಲಿ ‘ಸೆರಿಮೋನಿಯಲ್’ ಎನ್ನಬೇಕು, ‘ಸೆರಿಮೋನಿಯಸ್’ ಎನ್ನಬಾರದು. ಮೊದಲನೆಯದು ವಿಧಿಗೆ ಬಳಕೆಯಾಗುವ ವಸ್ತು, ಉಡುಪು, ಕ್ರಿಯೆಗಳಿಗೆ. ಎರಡನೆಯದು ಹೆಚ್ಚಾಗಿ ಮನುಷ್ಯರ ನಡವಳಿಕೆಗೆ, ಅದೂ ಶಿಷ್ಟಾಚಾರ ತುಸು ಅತಿಯಾದಾಗ.

‘ಇನ್‌ಫಾರ್ಮಲ್ ಸೆಕ್ಟರ್’ಗೆ ‘ಅನೌಪಚಾರಿಕ ವಲಯ’ ಎಂದಾಗಲಂತೂ ನಗು ಬರುತ್ತದೆ. ಕಾರ್ಮಿಕರಿಗೆ ಮರ್ಯಾದೆ ಗೊತ್ತಿಲ್ಲವೇನೋ ಎಂಬ ಧ್ವನಿ! ಕನ್ನಡದಲ್ಲಿ ‘ಅಸಂಘಟಿತ ವಲಯ’ ನೆಲೆ ನಿಂತಿದೆ. 2008ರ ಕೇಂದ್ರ ಕಾಯ್ದೆಯ ಹೆಸರೂ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆ ಎಂದೇ ಇತ್ತು. ಒಂದು ಎಚ್ಚರಿಕೆ ಬೇಕು. ಸಂಘ ಇಲ್ಲ ಎನ್ನುವುದು ಇಲ್ಲಿ ಮುಖ್ಯವಲ್ಲ, ಲೆಕ್ಕಪತ್ರ ಮತ್ತು ಕಾನೂನಿನ ರಕ್ಷಣೆ ಇಲ್ಲ ಎನ್ನುವುದು ಮುಖ್ಯ. ತೋಟದ ರಿಜಿಸ್ಟರಿನಲ್ಲಿ ಹೆಸರಿದ್ದು ಭವಿಷ್ಯನಿಧಿ ಕಟ್ಟುವ ಕಾಯಂ ಕಾರ್ಮಿಕರದು ಫಾರ್ಮಲ್ ಉದ್ಯೋಗ. ಅದೇ ತೋಟಕ್ಕೆ ಕೊಯ್ಲಿನ ಕೆಲವು ವಾರ ಬಂದು, ಕೆ.ಜಿ. ಲೆಕ್ಕದಲ್ಲಿ ಕಾಫಿ ಕೊಯ್ದು, ಯಾವ ಪುಸ್ತಕದಲ್ಲೂ ಹೆಸರಿಲ್ಲದೆ ಹೋಗುವವರದು ಇನ್‌ಫಾರ್ಮಲ್. ಅರ್ಜುನ್ ಸೇನ್‌ಗುಪ್ತ ನೇತೃತ್ವದ, ಅಸಂಘಟಿತ ವಲಯದ ಉದ್ಯಮಗಳ ರಾಷ್ಟ್ರೀಯ ಆಯೋಗ ಇದನ್ನೇ ಗುರುತಿಸಿ, ಅಸಂಘಟಿತ ವಲಯ ಬೇರೆ, ಅಸಂಘಟಿತ ಕಾರ್ಮಿಕ ಬೇರೆ ಎಂದು ವಿಂಗಡಿಸಿತು. ವರದಿಗಾರರು ‘ವಲಯ’ ಎಂದು ಬರೆಯುವ ಮೊದಲು ಯಾವುದರ ಮಾತು ಎಂದು ನೋಡಿಕೊಳ್ಳಬೇಕು.

ಶಿಕ್ಷಣದಲ್ಲಿ ಮಾತ್ರ ‘ಔಪಚಾರಿಕ’ ಬೇರೂರಿಬಿಟ್ಟಿದೆ, ಕೀಳುವುದು ಕಷ್ಟ. ಅಲ್ಲಿರುವ ತೊಡಕು ಬೇರೆ. ಶಾಲೆ, ತರಗತಿ, ಪ್ರಮಾಣಪತ್ರ ಇರುವುದು ಫಾರ್ಮಲ್. ಶಾಲೆಯ ಹೊರಗೆ, ಆದರೆ ಯೋಜನೆ ಹಾಕಿ ಕಲಿಸುವುದು ನಾನ್‌ಫಾರ್ಮಲ್. ಮನೆಯಲ್ಲಿ, ಗದ್ದೆಯಲ್ಲಿ ತಾನಾಗಿ ಕಲಿಯುವುದು ಇನ್‌ಫಾರ್ಮಲ್. ಕೊನೆಯ ಎರಡಕ್ಕೂ ನಾವು ‘ಅನೌಪಚಾರಿಕ’ ಎಂದೇ ಬರೆಯುತ್ತೇವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಒತ್ತು ಕೊಟ್ಟದ್ದು ನಡುವಿನದಕ್ಕೆ. ಅದಕ್ಕೆ ‘ಶಾಲೆಯಾಚೆಯ ಶಿಕ್ಷಣ’ ಎಂದೂ ಕೊನೆಯದಕ್ಕೆ ‘ಸಹಜ ಕಲಿಕೆ’ ಎಂದೂ ಬರೆದರೆ ಗೊಂದಲ ತೀರುತ್ತದೆ.

ಮದುವೆ ಕಾಲದಲ್ಲಿ ಆಹ್ವಾನಪತ್ರಿಕೆಯ ಕೆಳಗೆ ‘ಡ್ರೆಸ್: ಫಾರ್ಮಲ್’ ಎಂದು ಹಾಕುವ ರೂಢಿ ಬಂದಿದೆ. ಬಟ್ಟೆ ಅಂಗಡಿಯಲ್ಲಿ ‘ಫಾರ್ಮಲ್ಸ್’ ಎಂದರೆ ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು. ಹಳೆಯ ಪಾಶ್ಚಾತ್ಯ ಕಟ್ಟಳೆಯಲ್ಲಿ ಫಾರ್ಮಲ್ ಎಂದರೆ ಬಾಲದ ಕೋಟಿನ ‘ವೈಟ್ ಟೈ’, ಅದರ ಕೆಳಗೆ ‘ಬ್ಲ್ಯಾಕ್ ಟೈ’. ನಾವು ಬಹಳ ಘನವೆಂದುಕೊಂಡ ಸಾಮಾನ್ಯ ಸೂಟು ಅಲ್ಲಿ ಇನ್‌ಫಾರ್ಮಲ್! ಹಾಗಾಗಿ ಕರೆಯುವವರ ಮನಸ್ಸಿನಲ್ಲಿ ಒಂದು, ಬರುವವರ ಮೈಮೇಲೆ ಇನ್ನೊಂದು. ಬ್ರಿಟಿಷ್ ಆಹ್ವಾನಗಳಲ್ಲಿ ‘ಅಥವಾ ನ್ಯಾಷನಲ್ ಡ್ರೆಸ್’ ಎಂದು ಸೇರಿಸುವ ಪದ್ಧತಿ ಉಂಟು. ಆ ಲೆಕ್ಕದಲ್ಲಿ ಕೊಡವರ ಕುಪ್ಯ (ನಿಲುವಂಗಿ), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ (ಸೊಂಟದ ಕಠಾರಿ), ಮಂಡೆತುಣಿ (ತಲೆವಸ್ತ್ರ) ಯಾವ ಸೂಟಿಗೂ ಕಡಿಮೆಯಲ್ಲ. ‘ಸೂಟ್, ಬಂದ್‌ಗಲಾ ಅಥವಾ ಸಾಂಪ್ರದಾಯಿಕ ಉಡುಪು’ ಎಂದು ಬಿಡಿಸಿ ಅಚ್ಚು ಹಾಕಿಸಿದರೆ ಯಾರಿಗೂ ಮುಜುಗರವಿಲ್ಲ.

ಹಾಗಾದರೆ ‘ಔಪಚಾರಿಕ’ ಎಲ್ಲಿ ಸರಿ? ಔಪಚಾರಿಕ ಭೇಟಿ, ಔಪಚಾರಿಕ ಸ್ವಾಗತದಲ್ಲಿ, ಅಂದರೆ ನಿಜವಾಗಿ ಉಪಚಾರವೇ ಇರುವಲ್ಲಿ. ‘ಫಾರ್ಮಲ್ ಅನೌನ್ಸ್‌ಮೆಂಟ್’ ಸರ್ಕಾರದ್ದಾದರೆ ಅಧಿಕೃತ ಪ್ರಕಟಣೆ. ‘ಫಾರ್ಮಲ್ ಲ್ಯಾಂಗ್ವೇಜ್’ ಶಿಷ್ಟ ಭಾಷೆ. ‘ಮಿಯರ್ ಫಾರ್ಮಾಲಿಟಿ’ಗೆ ನಮ್ಮ ‘ಕಾಟಾಚಾರ’ದಷ್ಟು ಖಾರದ ಪದ ಇಂಗ್ಲಿಷಿನಲ್ಲೂ ಇಲ್ಲ. ಬಹುವಚನ ‘ಫಾರ್ಮಾಲಿಟೀಸ್’ ಆದಾಗ ಅದು ಕಾಗದಪತ್ರದ ಕೆಲಸ, ಕಾಟಾಚಾರವಲ್ಲ. ಜೊತೆಗಿರುವ ನಾಮಪದ ನೋಡದೆ ಗುಣವಾಚಕವನ್ನು ಅನುವಾದಿಸಿದರೆ ತಪ್ಪುವುದು ಇಲ್ಲಿಯೇ.

ಇಂಗ್ಲಿಷಿನಲ್ಲಿ ಬರೆಯುವ ವಿದ್ಯಾರ್ಥಿಗಳಿಗೆ ಎರಡು ಮಾತು. ಫಾರ್ಮಲ್ ಪತ್ರ ‘ಡಿಯರ್ ಸರ್’ ಎಂದು ಶುರುವಾದರೆ ‘ಯುವರ್ಸ್ ಫೇಯ್ತ್‌ಫುಲಿ’ ಎಂದು ಮುಗಿಯಬೇಕು, ಹೆಸರು ಹಿಡಿದು ಶುರುವಾದರೆ ‘ಯುವರ್ಸ್ ಸಿನ್ಸಿಯರ್ಲಿ’ ಎಂದು. ಒಳಗೆ ‘ಡೋಂಟ್’, ‘ಕಾಂಟ್’ ಎಂಬ ಮೊಟಕು ರೂಪ ಬೇಡ, ಪೂರ್ತಿ ಬಿಡಿಸಿ ಬರೆಯಬೇಕು. ಮತ್ತೆ, ‘ಫಾರ್ಮಲಿ’ ಮತ್ತು ‘ಫಾರ್ಮರ್ಲಿ’ ಬ್ರಿಟಿಷ್ ಉಚ್ಚಾರಣೆಯಲ್ಲಿ ಒಂದೇ ಥರ ಕೇಳುವುದರಿಂದ ಕಾಗುಣಿತ ತಪ್ಪುತ್ತದೆ. ಎರಡನೆಯದರ ಅರ್ಥ ‘ಈ ಹಿಂದೆ’. ನಿವೃತ್ತ ಅಧಿಕಾರಿಯೊಬ್ಬರನ್ನು ‘ಫಾರ್ಮರ್’ ಬದಲು ‘ಫಾರ್ಮಲ್ ಆಫೀಸರ್’ ಎಂದು ಬರೆದರೆ ಅವರು ಮಾಜಿಯಾಗುವುದಿಲ್ಲ, ಬಿಗುಮಾನದವರಾಗುತ್ತಾರೆ.

– ಇಂಗ್ಲಿಷ್ ಮತ್ತು ಕನ್ನಡ ಅಧ್ಯಾಪಕರು, ಮಡಿಕೇರಿ