ಕಲಿಸುವ ಪಟ್ಟುಗಳನ್ನು ಪ್ರತಿವರ್ಷ ಒರೆಗೆ ಹಚ್ಚಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ಗೌರವಪೂರ್ವಕ ವಂದನೆಗಳು.

ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ಹಲವು ವರ್ಷಗಳಿಂದ ಆತ್ಮರಕ್ಷಣೆಯ ವರಸೆಗಳನ್ನು ಹೇಳಿಕೊಡುತ್ತಿರುವ ಕರಾಟೆ ತರಬೇತುದಾರಳು ನಾನು. ಸಮಗ್ರ ಶಿಕ್ಷಣ ಯೋಜನೆಯಡಿ 6ರಿಂದ 12ನೇ ತರಗತಿಯ ಹುಡುಗಿಯರಿಗೆ ಮೂರು ತಿಂಗಳ ತರಬೇತಿ, ಅದಕ್ಕೆ ಶಾಲೆಗೆ ತಿಂಗಳಿಗೆ 5,000 ರೂಪಾಯಿ ಎಂಬ ಏರ್ಪಾಡು ಇದೆ. ಹಣ ಹೆಚ್ಚಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ, ಹೆಚ್ಚಿಸಿದರೆ ಬೇಡವೆನ್ನುವುದೂ ಇಲ್ಲ. ಕಲಿಸುವ ಪಟ್ಟುಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಿ, ಬಾರದವನ್ನು ಕೈಬಿಟ್ಟು ಉಳಿದವನ್ನು ತಿದ್ದುವ ಕ್ರಮವೊಂದು ಈ ತರಬೇತಿಯ ಭಾಗವಾಗಬೇಕೆಂಬುದು ನನ್ನ ಬೇಡಿಕೆ.

ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ. ಮುಂಗೈ ಹಿಡಿದವನಿಂದ ಬಿಡಿಸಿಕೊಳ್ಳುವ ಪಟ್ಟನ್ನು ನಾವೆಲ್ಲರೂ ಮೊದಲ ವಾರದಲ್ಲೇ ಕಲಿಸುತ್ತೇವೆ. ಹಿಡಿದ ಕೈಯಲ್ಲಿ ಹೆಬ್ಬೆರಳು ಉಳಿದ ಬೆರಳುಗಳನ್ನು ಕೂಡುವ ಜಾಗವೇ ದುರ್ಬಲ. ಮೊಣಕೈಯನ್ನು ಮೈಗೆ ಒತ್ತಿಕೊಂಡು, ಮುಂಗೈಯ ಎಲುಬಿನ ಅಂಚನ್ನು ಆ ಸಂದಿಯತ್ತ ತಿರುಗಿಸಿ ಎಳೆದರೆ ಹಿಡಿತ ಬಿಟ್ಟುಕೊಳ್ಳುತ್ತದೆ. ಗೆಳತಿಯರಿಬ್ಬರು ಎದುರುಬದುರು ನಿಂತು, ಒಬ್ಬಳು ಹಗುರವಾಗಿ ಹಿಡಿಯುವುದು, ಇನ್ನೊಬ್ಬಳು ಬಿಡಿಸಿಕೊಳ್ಳುವುದು, ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಗಿಟ್ಟಿಸುವುದು ಹೀಗೆ ನಡೆದಿತ್ತು. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, “ಮಿಸ್, ಎಳ್ಕೊಂಡ್ ಹೋಗ್ತಾ ಇದ್ರೆ?” ಎಂದಳು. ನಾನೇ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದು ಎಳೆದೆ. ತೋಳು ನೇರವಾಗಿ ಚಾಚಿಕೊಂಡಿತು, ಮೊಣಕೈಯನ್ನು ಮೈಗೆ ತಂದುಕೊಳ್ಳಲು ಆಗಲೇ ಇಲ್ಲ, ಪಾಠದ ಮೊದಲ ಹಂತವೇ ಕೈಕೊಟ್ಟಿತು. ಎಳೆಯುವವನ ಕಡೆಗೇ ಒಂದು ಹೆಜ್ಜೆ ನುಗ್ಗಿದರೆ ತೋಳು ಸಡಿಲವಾಗುತ್ತದೆ, ಆಮೇಲೆ ತಿರುಗಿಸಬಹುದು ಎಂಬುದನ್ನು ಆ ಮಧ್ಯಾಹ್ನ ನಾವಿಬ್ಬರೂ ಸೇರಿ ಕಂಡುಕೊಂಡೆವು. ಆ ಒಂದು ಹೆಜ್ಜೆಯನ್ನು ಕಲಿಯದೆ ಶಾಲೆ ಬಿಟ್ಟುಹೋದ ಹಿಂದಿನ ತಂಡಗಳನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ಅಂದಿನಿಂದ ಒಂದೊಂದೇ ಪಟ್ಟನ್ನು ಬಲವಾಗಿ ಎದುರಿಸಿ ನೋಡತೊಡಗಿದೆ. ಎರಡೂ ಕೈಗಳನ್ನು ಕತ್ತರಿಯಂತೆ ಅಡ್ಡ ಹಿಡಿದು ಚಾಕು ತಡೆಯುವ ವರಸೆಯನ್ನು ಕೈಬಿಟ್ಟೆ. ಚುಚ್ಚುವವನು ಒಂದೇ ಸಲ ಚುಚ್ಚಿ ಕೈಯನ್ನು ಗಾಳಿಯಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ, ಹಿಂದಕ್ಕೆ ಸೆಳೆದು ಮತ್ತೆ ಮತ್ತೆ ಚುಚ್ಚುತ್ತಾನೆ. ಅದರ ಬದಲು ಶಾಲೆಯ ಚೀಲವನ್ನು ಮುಖಕ್ಕೆ ಎಸೆದು ಓಡುವುದನ್ನು ಕಲಿಸುತ್ತೇನೆ. ನೂಕುನುಗ್ಗಲಿನ ಬಸ್ಸಿನಲ್ಲಿ ಕಾಲೆತ್ತಿ ಒದೆಯಲು ಜಾಗವೇ ಇರದು, ಅಲ್ಲಿ ಬೇಕಾದ್ದು ಮೊಣಕೈ ಮತ್ತು ದನಿ. ಈ ದನಿಯೇ ಎಲ್ಲಕ್ಕಿಂತ ಕಷ್ಟದ ಪಾಠ. ನೂರು ಬಸ್ಕಿ ಹೊಡೆಯಬಲ್ಲ ಹುಡುಗಿಗೆ “ಕೈ ತೆಗಿ!” ಎಂದು ಕೂಗು ಎಂದರೆ ಗಂಟಲಿನಿಂದ ಪಿಸುಮಾತು ಬರುತ್ತದೆ, ಪಕ್ಕದವಳು ನಗುತ್ತಾಳೆ, ಇಬ್ಬರೂ ತಲೆ ತಗ್ಗಿಸುತ್ತಾರೆ.

ಪರಂಪರೆಯಿಂದ ಬಂದದ್ದನ್ನು ತಿದ್ದಬಾರದೆಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಹೇಳುವುದುಂಟು. ಆದರೆ 20ನೇ ಶತಮಾನದ ಆರಂಭದಲ್ಲಿ ಕರಾಟೆಯನ್ನು ಜಪಾನಿನ ಓಕಿನಾವಾದ ಶಾಲೆಗಳಿಗೆ ತಂದ ಅಂಕೋ ಇತೋಸು ಅವರು ಮಕ್ಕಳಿಗೆಂದೇ ಹೊಸದಾಗಿ ಹೆಣೆದ ಪಿನಾನ್ ವರಸೆಗಳನ್ನೇ ಇಂದಿಗೂ ನಾವು ಕಲಿಸುತ್ತಿದ್ದೇವೆ. 1882ರಲ್ಲಿ ಜೂಡೋ ಕಟ್ಟಿದ ಕಾನೋ ಜಿಗೊರೊ ಅವರು ಹಳೆಯ ಜುಜುತ್ಸುವಿನ ಅಪಾಯಕಾರಿ ಪಟ್ಟುಗಳನ್ನು ಬದಿಗಿಟ್ಟು, ಎದುರಾಳಿ ಪೂರ್ಣ ಬಲದಿಂದ ಎದುರಿಸುವ ಅಭ್ಯಾಸವನ್ನು ಕಲಿಕೆಯ ನಡುವಿಗೆ ತಂದರು. ನಮ್ಮ ಗರಡಿಮನೆಗಳಲ್ಲೂ ಪಟ್ಟಿಗೊಂದು ಪ್ರತಿಪಟ್ಟು ಹುಟ್ಟಿದ್ದು ಮಣ್ಣಿನಲ್ಲಿ ಬಿದ್ದೆದ್ದ ಮೇಲೆಯೇ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ನಮ್ಮ ಬಹುತೇಕ ಪಾಠಗಳು ಕತ್ತಲ ದಾರಿಯ ಅಪರಿಚಿತನನ್ನು ಎದುರಾಳಿಯೆಂದು ಊಹಿಸಿಕೊಂಡಿವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳಲ್ಲಿ ಅತ್ಯಾಚಾರ ಪ್ರಕರಣಗಳ ಆರೋಪಿಗಳು ಬಹುಪಾಲು ಸಂತ್ರಸ್ತೆಗೆ ಪರಿಚಿತರೇ. ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆಯುವ ಸಂಬಂಧಿಕನ ಕಣ್ಣಿಗೆ ಬೆರಳು ತೂರಿಸು ಎಂದರೆ ಯಾವ ಹುಡುಗಿಯೂ ತೂರಿಸುವುದಿಲ್ಲ. ಅವಳಿಗೆ ಬೇಕಾದ್ದು ಆರಂಭದ ಸೂಚನೆಗಳನ್ನು ಗುರುತಿಸುವ, ನಿಷ್ಠುರವಾಗಿ ಬೇಡವೆನ್ನುವ, ಅಲ್ಲಿಂದ ಎದ್ದು ಬರುವ ಅಭ್ಯಾಸ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ ಇಂಥ 12 ಗಂಟೆಗಳ ತರಬೇತಿ ಕೊಟ್ಟು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮುಂದಿನ ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ, ಕೇವಲ ಕರಪತ್ರ ಪಡೆದ ಗುಂಪಿನಲ್ಲಿ ಶೇ 9.8 ಇದ್ದರೆ, ತರಬೇತಿ ಪಡೆದವರಲ್ಲಿ ಶೇ 5.2 ಇತ್ತು. ನಮ್ಮ ಮಕ್ಕಳು ಅವರಿಗಿಂತ ಚಿಕ್ಕವರು, ಅದನ್ನು ಯಥಾವತ್ ಇಲ್ಲಿಗೆ ತರಲಾಗದು. ಅಳೆದು ನೋಡಿದ ಆ ರೀತಿಯನ್ನಂತೂ ತರಬಹುದು.

ಆದ್ದರಿಂದ ತರಬೇತಿ ಮುಗಿದ ಮೇಲೆ, ಮತ್ತೆ ಆರು ತಿಂಗಳು ಕಳೆದ ಮೇಲೆ, ಯಾವುದು ನೆನಪಿದೆ, ಯಾವುದು ಎಲ್ಲಿ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಹುಡುಗಿಯರಿಂದ ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿಕೊಳ್ಳುವ ವ್ಯವಸ್ಥೆ ಮಾಡಬೇಕು. ಆ ಚೀಟಿಗಳಲ್ಲಿ ಲೈಂಗಿಕ ಅಪರಾಧವೊಂದು ಬಯಲಾದರೆ, ಮಕ್ಕಳನ್ನು ಅಂಥ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ದೂರು ಕೊಡುವುದು ಕಡ್ಡಾಯ, ಆದಕಾರಣ ಶಿಕ್ಷಕಿಯರನ್ನು ಮೊದಲೇ ಅದಕ್ಕೆ ಸಿದ್ಧಗೊಳಿಸಿರಬೇಕು. ಜಿಲ್ಲೆಯ ತರಬೇತುದಾರರೆಲ್ಲ ವರ್ಷಕ್ಕೆರಡು ದಿನ ಒಂದೆಡೆ ಸೇರಿ, ಆ ಚೀಟಿಗಳನ್ನು ಮುಂದಿಟ್ಟುಕೊಂಡು, ರಕ್ಷಾಕವಚ ತೊಟ್ಟವರ ಮೇಲೆ ಪ್ರತಿ ಪಟ್ಟನ್ನೂ ಪೂರ್ಣ ಬಲದಲ್ಲಿ ಪ್ರಯೋಗಿಸಿ ನೋಡಿ, ಪಠ್ಯವನ್ನು ಪರಿಷ್ಕರಿಸಬೇಕು. ಕಪ್ಪು ಬೆಲ್ಟ್ ಇದ್ದವರಿಗೂ, ನನ್ನಂಥವರಿಗೂ, ಇದರಿಂದ ವಿನಾಯಿತಿ ಬೇಡ. ಕಾನೂನೂ ಪಾಠದಲ್ಲಿರಲಿ: ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಯ ಹಕ್ಕನ್ನೂ, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂಬ ಮಿತಿಯನ್ನೂ ಹೇಳುತ್ತವೆ. ತಿರುಗಿ ಹೊಡೆದರೆ ತನ್ನ ಮೇಲೇ ಕೇಸಾಗುತ್ತದೆಂದು ಹೆದರುವ ಹುಡುಗಿಯರು ನನ್ನ ಪ್ರತಿ ತಂಡದಲ್ಲೂ ಇರುತ್ತಾರೆ.

ಮುಂದಿನ ಶೈಕ್ಷಣಿಕ ವರ್ಷದ ತರಬೇತಿ ಆದೇಶ ಹೊರಡುವ ಮುನ್ನ ತಾವು ಯಾವುದಾದರೂ ಶಾಲೆಯ ತರಗತಿಗೆ ಮುನ್ಸೂಚನೆ ಕೊಡದೆ ಬರಬೇಕೆಂದು ವಿನಂತಿಸುತ್ತೇನೆ. ಪ್ರದರ್ಶನ ಬೇಡವೆನ್ನಿ. ತರಬೇತುದಾರಳು ಒಬ್ಬ ಹುಡುಗಿಯ ಕೈ ಹಿಡಿದು ಬಲವಾಗಿ ಎಳೆಯಲಿ, ಏನಾಗುತ್ತದೆಂದು ಪಕ್ಕದಲ್ಲಿ ನಿಂತು ನೋಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕರಾಟೆ ತರಬೇತುದಾರಳು